ಶಿವನಸಮುದ್ರದಿಂದ ಕೋಲಾರಕ್ಕೆ: ಒಂದು ವಿದ್ಯುತ್ ತಂತಿಮಾರ್ಗದ ಇತಿಹಾಸ

ಮೈಸೂರು ಸಂಸ್ಥಾನದ ಇತಿಹಾಸವನ್ನು ಬೋಧಿಸುವಾಗ ಶಿವನಸಮುದ್ರದ ವಿದ್ಯುದಾಗಾರವನ್ನು ಕುರಿತು ನಾವು ಸಾಮಾನ್ಯವಾಗಿ ಎರಡು ಮಾತುಗಳನ್ನು ಹೇಳಿ ಮುಂದೆ ಸಾಗುತ್ತೇವೆ. ಅದು ಏಷ್ಯಾಖಂಡದ ಮೊಟ್ಟಮೊದಲನೆಯ ಜಲವಿದ್ಯುತ್ ಕೇಂದ್ರವೆಂಬುದು ಒಂದು. ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ಎಳೆದ ತಂತಿಮಾರ್ಗವು ಅಂದಿನ ಪ್ರಪಂಚದಲ್ಲಿ ಅತ್ಯಂತ ಉದ್ದವಾದುದೆಂಬುದು ಇನ್ನೊಂದು. ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಇದನ್ನೇ ಬರೆಯುತ್ತಾರೆ, ನಾವು ಅಂಕವನ್ನೂ ಕೊಡುತ್ತೇವೆ. ಆದರೆ ಪರಿಶೀಲಿಸಿ ನೋಡಿದರೆ ಈ ಎರಡು ಮಾತುಗಳೂ ನಿಲ್ಲತಕ್ಕವಲ್ಲ.

ಜಪಾನಿನ ಕ್ಯೋಟೋ ನಗರದ ಕೆಯಾಗೆ ಎಂಬಲ್ಲಿ ಬಿವಾ ಸರೋವರದ ಕಾಲುವೆಯ ನೀರಿನಿಂದ 1891ರಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸುತ್ತಿದ್ದರು. ನಮ್ಮ ದೇಶದಲ್ಲಿ ಡಾರ್ಜಿಲಿಂಗಿನ ಸಮೀಪದ ಸಿದ್ರಾಪಾಂಗ್ ಕೇಂದ್ರವು 1897ರಲ್ಲಿ ಕೆಲಸ ಮಾಡತೊಡಗಿತ್ತು. ಅದು ತೀರ ಚಿಕ್ಕದು, ಊರಿನ ದೀಪಗಳಿಗೆಂದು ಕಟ್ಟಿದ್ದು. ಆದರೂ ಮೊದಲನೆಯದು ಮೊದಲನೆಯದೇ. ದೂರದ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ 1891ರ ಪ್ರದರ್ಶನದ ಸಂದರ್ಭದಲ್ಲಿ ಲಾಫೆನ್ನಿನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರು ವಿದ್ಯುತ್ತನ್ನು ಹರಿಸಿ ತೋರಿಸಿದ್ದರು. ಕ್ಯಾಲಿಫೋರ್ನಿಯದಲ್ಲಿ ಕೋಲ್‌ಗೇಟ್ ವಿದ್ಯುದಾಗಾರದಿಂದ ಓಕ್ಲೆಂಡ್ ನಗರಕ್ಕೆ 142 ಮೈಲಿಗಳ ಮಾರ್ಗ 1901ರಲ್ಲಿ ಸಿದ್ಧವಾಯಿತು. ನಮ್ಮ ಮಾರ್ಗದ ಉದ್ದ 92 ಮೈಲಿ. ಅಂದಿನ ಪ್ರಪಂಚದ ಅತಿ ದೀರ್ಘ ಮಾರ್ಗಗಳಲ್ಲಿ ಇದೂ ಒಂದೆಂದು ಹೇಳಿದರೆ ಸತ್ಯಕ್ಕೆ ಲೋಪವಿಲ್ಲ. ಅಷ್ಟು ಹೇಳಿದರೆ ಸಾಕು.

ಈ ತಿದ್ದುಪಡಿಯಿಂದ ಮೈಸೂರಿನ ಕೀರ್ತಿಗೆ ಕುಂದುಂಟಾಗುವುದೆಂದು ನಾನು ಭಾವಿಸಿಲ್ಲ. ಪ್ರಥಮವೋ ಅಲ್ಲವೋ ಎಂಬ ಚರ್ಚೆಯಲ್ಲಿ ಹೆಚ್ಚು ಮುಖ್ಯವಾದ ಬೇರೊಂದು ಪ್ರಶ್ನೆ ಮರೆಯಾಗಿಬಿಟ್ಟಿದೆ. ಈ ವಿದ್ಯುತ್ತು ಯಾರಿಗಾಗಿ ಹುಟ್ಟಿತು? 1902ನೆಯ ಜೂನ್ 30ರಂದು ಶಿವನಸಮುದ್ರದಿಂದ ಹೊರಟ ಪ್ರವಾಹ ನೇರವಾಗಿ ಕೋಲಾರದ ಗಣಿಗಳಿಗೆ ಹೋಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ನೆಯ ಆಗಸ್ಟ್ 5ರಂದು. ರಾಜಧಾನಿಯಾದ ಮೈಸೂರು 1908ರವರೆಗೆ ಕಾಯಬೇಕಾಯಿತು. ಯಂತ್ರಗಳ ಸ್ವರೂಪವೂ ಇದನ್ನೇ ಹೇಳುತ್ತದೆ. ಶಿವನಸಮುದ್ರದ ಪ್ರವಾಹವು ಸೆಕೆಂಡಿಗೆ 25 ಆವರ್ತಗಳದ್ದು. ನಿಧಾನವಾಗಿ ತಿರುಗುವ ಭಾರಿ ಮೋಟಾರುಗಳಿಗೆ ಇದು ಅನುಕೂಲ. ದೀಪಕ್ಕೆ ಅಷ್ಟು ಒಪ್ಪುವುದಲ್ಲ, ಬೆಳಕು ಮಿನುಗುವುದು ಕಣ್ಣಿಗೆ ಗೊತ್ತಾಗುತ್ತದೆ. ಇಂದು ಭಾರತದಲ್ಲಿ ರೂಢಿಯಲ್ಲಿರುವುದು 50 ಆವರ್ತಗಳ ಪ್ರವಾಹ.

ಕೋಲಾರದ ಗಣಿಗಳನ್ನು 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ನಡೆಸಿಕೊಂಡು ಬಂದಿದ್ದರು. ಅದಿರು ಕುಟ್ಟುವ ಯಂತ್ರ, ನೀರೆತ್ತುವ ಪಂಪು, ಬಂಡೆ ಕೊರೆಯುವ ಬೈರಿಗೆಗಳಿಗೆ ಒತ್ತುಗಾಳಿಯನ್ನು ಒದಗಿಸುವ ಕಂಪ್ರೆಸರು, ಎಲ್ಲಕ್ಕೂ ಹಬೆಯೇ ಬೇಕು. ಹಬೆಗೆ ಸೌದೆ ಬೇಕು, ಇಲ್ಲವೆ ರೈಲಿನಲ್ಲಿ ದೂರದಿಂದ ತರಿಸಿದ ಕಲ್ಲಿದ್ದಲು ಬೇಕು. ಗಣಿ ಆಳವಾದಂತೆಲ್ಲ ಈ ಖರ್ಚು ಏರುವುದು ಅನಿವಾರ್ಯವಾಗಿತ್ತು. ಇತ್ತ ಮೈಸೂರು ಸರ್ಕಾರಕ್ಕೆ ಗಣಿಗಳಿಂದ ದೊರೆಯುತ್ತಿದ್ದುದು ತೆಗೆದ ಚಿನ್ನದ ಮೇಲಿನ ನೂರಕ್ಕೆ ಐದರ ರಾಜಧನ. ಗಣಿ ಬಾಳಿದಷ್ಟು ಕಾಲ ಬೊಕ್ಕಸಕ್ಕೆ ಆದಾಯ. ಹೀಗೆ ಇಬ್ಬರ ಹಿತವೂ ಒಂದಾಗಿ ಕೂಡುವ ಸಂಧಿಯಲ್ಲಿ, 1899ರಲ್ಲಿ, ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ಸೇನಾ ಎಂಜಿನಿಯರು ಜೋಲಿ ದ ಲಾಟ್ಬಿನಿಯರ್ ಕಾವೇರಿಯ ಜಲಪಾತದ ಯೋಜನೆಯನ್ನು ಮುಂದಿಟ್ಟನು. ನಯಾಗರದಿಂದ ಬಫೆಲೋ ನಗರಕ್ಕೆ ವಿದ್ಯುತ್ತು ಹರಿದು ಆಗಿನ್ನೂ ಮೂರು ವರ್ಷಗಳಾಗಿದ್ದವು. ಅಲ್ಲಿಯ ದೂರ 30 ಮೈಲಿಗಿಂತ ಕಡಮೆ. ಅದರ ಮೂರು ಪಾಲಿಗೂ ಮೀರಿದ ದೂರಕ್ಕೆ, ವಿದೇಶದಿಂದ ತರಿಸಿದ ಯಂತ್ರಗಳನ್ನು ನೆಚ್ಚಿ, ಒಂದು ದೇಶೀಯ ಸಂಸ್ಥಾನ ಹಣ ಹೂಡಲು ಒಪ್ಪಿತೆಂಬುದು ಸಾಮಾನ್ಯ ಸಂಗತಿಯಲ್ಲ. ಆ ಧೈರ್ಯ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರದು. 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಅವರು ತಮ್ಮ ಯೋಜನೆಯ ಫಲವನ್ನು ಕಣ್ಣಾರೆ ಕಾಣಲಿಲ್ಲ.

ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದಲೂ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯಿಂದಲೂ ಬಂದವು. ಹಡಗು ಮತ್ತು ರೈಲಿನ ಪ್ರಯಾಣ ಮುಗಿದ ಮೇಲೆ ಅವುಗಳನ್ನು ಸ್ಥಳಕ್ಕೆ ಸಾಗಿಸಿದ್ದು ಆನೆಗಳು ಮತ್ತು ಎತ್ತಿನ ಗಾಡಿಗಳು. ಮಲೇರಿಯದ ಕಾಟ ಆ ಕಣಿವೆಯಲ್ಲಿ ವಿಪರೀತವಾಗಿತ್ತು. ನದಿಗೆ ಅಡ್ಡಲಾಗಿ ತಗ್ಗಾದ ಕಟ್ಟೆ ಕಟ್ಟಿ, ಕಾಲುವೆಯಲ್ಲಿ ನೀರನ್ನು ತಿರುಗಿಸಿ, ಸುಮಾರು 400 ಅಡಿ ಕೆಳಗಿರುವ ಯಂತ್ರಗಳ ಮೇಲೆ ಕೊಳವೆಗಳಲ್ಲಿ ಬಿಟ್ಟರು. ಒಂದೊಂದೂ 720 ಕಿಲೋವಾಟಿನ ಆರು ಜನರೇಟರುಗಳು. ಒಟ್ಟು 4,320 ಕಿಲೋವಾಟು. ಇಂದಿನ ಲೆಕ್ಕದಲ್ಲಿ ಅತ್ಯಲ್ಪವೆಂದೇ ತೋರುವುದು.

ಈ ಶಕ್ತಿಯಿಂದ ಗಣಿಗಾದ ಲಾಭವೇನು? ಚಿನ್ನದ ಉತ್ಪತ್ತಿ 1905ರ ಸುಮಾರಿಗೆ ತನ್ನ ಶಿಖರವನ್ನು ಮುಟ್ಟಿ, ಆಮೇಲೆ ಇಳಿಮುಖವಾಯಿತು. ಇದನ್ನು ನೋಡಿ ವಿದ್ಯುತ್ತಿನಿಂದ ಪ್ರಯೋಜನವಾಗಲಿಲ್ಲವೆಂದು ತೀರ್ಮಾನಿಸುವುದು ತಪ್ಪಾದೀತು. ಖರ್ಚು ಇಳಿದುದರಿಂದ ಸತ್ವ ಕಡಮೆಯಾದ ಅದಿರನ್ನು ಸಹ ತೆಗೆದು ಲಾಭ ಪಡೆಯುವುದು ಸಾಧ್ಯವಾಯಿತು. ಇನ್ನೂ ಆಳಕ್ಕೆ ಇಳಿಯುವುದು ಸಾಧ್ಯವಾಯಿತು. ಚಾಂಪಿಯನ್ ರೀಫ್ ಗಣಿ ಕಾಲಕ್ರಮದಲ್ಲಿ 3 ಸಾವಿರ ಮೀಟರಿಗೂ ಮೀರಿ ಕೆಳಕ್ಕೆ ಹೋಯಿತು. ಅಲ್ಲಿಯ ಬಂಡೆಯ ಉಷ್ಣತೆ 60 ಡಿಗ್ರಿ ಸೆಂಟಿಗ್ರೇಡಿಗೂ ಮೇಲು. ಮೇಲಿನ ಭಾರಕ್ಕೆ ಬಿಗಿದುಕೊಂಡ ಬಂಡೆ ಒಮ್ಮೆಲೇ ಸಿಡಿಯುವ ಅಪಘಾತಗಳು ಕೋಲಾರದ ಹೆಸರನ್ನು ಗಣಿಶಾಸ್ತ್ರದ ಗ್ರಂಥಗಳಲ್ಲಿ ಪ್ರಸಿದ್ಧಗೊಳಿಸಿದವು. ಯಾರೂ ಬಯಸತಕ್ಕ ಪ್ರಸಿದ್ಧಿಯಲ್ಲ ಅದು. ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ ಬಡವರು, ಬಹುಮಂದಿ ಅಸ್ಪೃಶ್ಯರೆನಿಸಿಕೊಂಡ ಜಾತಿಗಳವರು. ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ವಾಸಿಸುತ್ತಿದ್ದವರು. ಕೂಲಿಗಾರರ ಬೆರಳಚ್ಚನ್ನು ಕಡ್ಡಾಯವಾಗಿ ದಾಖಲಿಸಿಕೊಳ್ಳುವ ಕ್ರಮವನ್ನು ವಿರೋಧಿಸಿ 1930ರಲ್ಲಿ ಅವರು ದೊಡ್ಡ ಮುಷ್ಕರವನ್ನೇ ಹೂಡಿದರು. ವಿದ್ಯುತ್ತಿನ ಇತಿಹಾಸವನ್ನು ಬರೆಯುವವರು ಈ ಜನರನ್ನು ಬೇರೊಂದು ಅಧ್ಯಾಯಕ್ಕೆ ಸೇರಿಸಿಬಿಡುವುದು ವಾಡಿಕೆ. ಪ್ರವಾಹ ಹೋಗಿ ಮುಟ್ಟಿದ್ದು ಇವರು ದುಡಿಯುತ್ತಿದ್ದ ಸ್ಥಳವನ್ನೇ ಆಗಿರುವಾಗ ಈ ವಿಂಗಡಣೆ ನನಗೆ ಸರಿತೋರುವುದಿಲ್ಲ.

ತಂತಿಯ ಇನ್ನೊಂದು ತುದಿಯಲ್ಲಿದ್ದ ನದಿಯ ಕಡೆಗೆ ಈಗ ತಿರುಗೋಣ. ಗಣಿಗೆ ವರ್ಷದ ಎಲ್ಲ ದಿನಗಳೂ ಒಂದೇ. ಹಗಲಿರುಳೆಂಬ ಭೇದವೂ ಇಲ್ಲ. ಕಾವೇರಿ ಹಾಗಲ್ಲ. ಮಳೆಗಾಲದಲ್ಲಿ ಬಂಡೆಗಳನ್ನೆಲ್ಲ ಮುಚ್ಚಿ ಭೋರ್ಗರೆಯುವ ನದಿ ಬೇಸಗೆಯಲ್ಲಿ ಅಲ್ಲಲ್ಲಿ ಸಣ್ಣ ಧಾರೆಯಾಗಿ ನಿಲ್ಲುತ್ತದೆ. ಶಿವನಸಮುದ್ರದ ಕಟ್ಟೆ ನೀರನ್ನು ತಿರುಗಿಸಬಲ್ಲದೇ ಹೊರತು ಕೂಡಿಡಲಾರದು. ಗಣಿಗಳ ಬೇಡಿಕೆ ಬೆಳೆದಂತೆ ಬೇಸಗೆಯ ಕೊರತೆ ಸರ್ಕಾರವನ್ನು ಬಾಧಿಸತೊಡಗಿತು. 1909ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಜಲಾಶಯವನ್ನು ಕಟ್ಟುವ ಯೋಜನೆಯನ್ನು ಮುಂದಿಟ್ಟಾಗ ನೀರಾವರಿಯಷ್ಟೇ ಬಲವಾಗಿ ನಿಂತ ಕಾರಣವೆಂದರೆ ಗಣಿಗಳಿಗೆ ತಪ್ಪದೆ ಒದಗಿಸಬೇಕಾಗಿದ್ದ ವಿದ್ಯುತ್ತು. ಮಂಡ್ಯದ ಹಸುರು ಗದ್ದೆಗಳನ್ನು ನೋಡುವವರಿಗೆ ಇದು ಆಶ್ಚರ್ಯವೆನಿಸಬಹುದು. ಭತ್ತ ಮತ್ತು ಕಬ್ಬಿಗೆ ನೀರು ಹರಿಸುವ ನಾಲೆಗಳು ಮುಗಿಯಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಕಟ್ಟೆಯ ವೆಚ್ಚವನ್ನು ಸಮರ್ಥಿಸಲು ನಿಶ್ಚಿತವಾದ ಆದಾಯವೆಂದರೆ ಗಣಿಗಳು ಕೊಡುತ್ತಿದ್ದ ವಿದ್ಯುತ್ತಿನ ಹಣವೇ.

1911ರಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರ 11 ಸಾವಿರ ಮಿಲಿಯನ್ ಘನ ಅಡಿ ನೀರನ್ನು ನಿಲ್ಲಿಸಲು ಮಾತ್ರ ಒಪ್ಪಿತು. ಮೈಸೂರಿನವರು ತಾವು ಮೊದಲು ಯೋಚಿಸಿದ್ದ ಎತ್ತರದ ಕಟ್ಟೆಗೆ ತಕ್ಕ ತಳಪಾಯವನ್ನೇ ಹಾಕಿದರು. ವಿವಾದ ಪಂಚಾಯಿತಿಗೆ ಹೋಗಿ, 1914ರಲ್ಲಿ ಗ್ರಿಫಿನ್ನನ ತೀರ್ಪು ಹೊರಬಂದಿತು. ಅದಕ್ಕೂ ಮದರಾಸಿನವರು ಒಪ್ಪದಿರಲು, 1924ರಲ್ಲಿ ಒಪ್ಪಂದವಾಯಿತು. ಮುಂದಿನ ಕಾವೇರಿ ವ್ಯಾಜ್ಯದ ಕಥೆ ಎಲ್ಲರಿಗೂ ತಿಳಿದುದೇ. ಆ ವ್ಯಾಜ್ಯವನ್ನು ಎರಡು ಸೀಮೆಗಳ ರೈತರ ನಡುವಣ ಜಗಳವೆಂದು ಮಾತ್ರ ಓದಿದವರು, ಅದರ ಮೊದಲ ಘಟ್ಟದಲ್ಲಿ ಲಂಡನ್ನಿನ ಷೇರುದಾರರ ಗಣಿಗಳಿಗೂ ಒಂದು ಪಾಲುಂಟೆಂಬುದನ್ನು ಗಮನಿಸಬೇಕು.

ಮೈಸೂರು ಸರ್ಕಾರ 1956ರಲ್ಲಿ ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಸೇರಿದವು. ಆ ಆಳ ವಿಜ್ಞಾನಕ್ಕೂ ಅನಿರೀಕ್ಷಿತವಾಗಿ ಒದಗಿತು. ಮೇಲಿನ ಬಂಡೆ ವಿಶ್ವಕಿರಣಗಳ ಹಾವಳಿಯನ್ನು ತಡೆಯುವುದರಿಂದ, ಭೌತವಿಜ್ಞಾನಿಗಳು 1965ರಲ್ಲಿ ಅಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಕುರುಹನ್ನು ಕಂಡರು. 2001ನೆಯ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಶಿವನಸಮುದ್ರದ ಕೇಂದ್ರ ಇಂದಿಗೂ ವಿದ್ಯುತ್ತನ್ನು ಉತ್ಪಾದಿಸುತ್ತಿದೆ.