ಹೆಗಲ ಮೇಲೊಂದು ದೋಣಿ

ನೀರಿನಲ್ಲಿ ತೇಲುವ ದೋಣಿಯನ್ನು ನೀವು ನೋಡಿದ್ದೀರಿ. ದೋಣಿಯನ್ನು ಟೋಪಿಯಂತೆ ಬೋರಲು ಹಾಕಿಕೊಂಡು ಕಾಡಿನೊಳಗೆ ನಡೆಯುವವರನ್ನು ನೋಡಿದ್ದೀರಾ? ನೇತ್ರಾವತಿಯ ದಡದಲ್ಲಿ ಬೆಳೆದ ನನಗೆ ಅಂಥದೊಂದು ಫೋಟೋವನ್ನು ಅಕ್ಕ ಅಮೇರಿಕದಿಂದ ಕಳುಹಿಸಿದಾಗ ಮೊದಲು ನಗು ಬಂತು. ದೋಣಿಯ ಕೆಳಗೆ ಕಾಣುತ್ತಿದ್ದುದು ಎರಡು ಕಾಲು ಮತ್ತು ಸ್ಕಾರ್ಫಿನ ತುದಿ ಮಾತ್ರ. ಅದು ಅವಳೇ!

ಅಕ್ಕ-ಭಾವ ಮಿನ್ನೆಸೋಟಾ ರಾಜ್ಯದಲ್ಲಿದ್ದಾರೆ. ಅದರ ಉತ್ತರದ ಅಂಚಿನಲ್ಲಿ, ಕೆನಡಾದ ಗಡಿಗೆ ತಾಗಿಕೊಂಡು ಬೌಂಡರಿ ವಾಟರ್ಸ್ ಎಂಬ ಸಂರಕ್ಷಿತ ಅರಣ್ಯವಿದೆ. ಹತ್ತು ಲಕ್ಷ ಎಕರೆಗೂ ಹೆಚ್ಚು ಕಾಡು, ಅದರೊಳಗೆ ಸಾವಿರಕ್ಕೂ ಮಿಕ್ಕಿ ಸರೋವರಗಳು. ಬಹುಪಾಲು ಸರೋವರಗಳಲ್ಲಿ ಮೋಟಾರಿಗೆ ಅವಕಾಶವಿಲ್ಲ. ಹುಟ್ಟು ಹಾಕಿಕೊಂಡೇ ಹೋಗಬೇಕು. ಒಂದು ಸರೋವರ ಮುಗಿದು ಇನ್ನೊಂದಕ್ಕೆ ಇಳಿಯಬೇಕಾದರೆ ನಡುವಿನ ಕಾಲುದಾರಿಯಲ್ಲಿ ದೋಣಿ, ಡೇರೆ, ಅಕ್ಕಿ, ಬೇಳೆ ಎಲ್ಲವನ್ನೂ ಹೊತ್ತು ಸಾಗಬೇಕು. ಇದಕ್ಕೆ ಪೋರ್ಟೇಜ್ ಎಂದು ಹೆಸರು. ಆ ದಾರಿಗಳ ಉದ್ದವನ್ನು ಇಂದಿಗೂ ರಾಡ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ರಾಡ್ ಎಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. 320 ರಾಡ್ ಸೇರಿದರೆ ಒಂದು ಮೈಲಿ.

ಭಾವನ ಬಳಿ ಇದ್ದುದು ಇಬ್ಬರು ಕೂರುವ 17 ಅಡಿಯ ಅಲ್ಯೂಮಿನಿಯಂ ಕನೂ. ಭಾರ ಸುಮಾರು 34 ಕಿಲೋ. ನಮ್ಮ ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ಇರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಅದನ್ನು ಹೆಗಲ ಮೇಲಿಟ್ಟು ಕಲ್ಲು-ಕೆಸರಿನ ದಾರಿಯಲ್ಲಿ ಮುಕ್ಕಾಲು ಮೈಲಿ ನಡೆದರೆ ಹೇಗಿರುತ್ತದೆ? ಬಹಳ ವರ್ಷ ಒಬ್ಬ ಗೆಳೆಯನೊಂದಿಗೆ ಹೋಗುತ್ತಿದ್ದರು. ಗೆಳೆಯ ಬೇರೆ ರಾಜ್ಯಕ್ಕೆ ಹೋದ, ಭಾವನ ಸೊಂಟಕ್ಕೆ ನೋವು ಬಂತು, ಭಾರ ಎತ್ತಬಾರದೆಂದು ವೈದ್ಯರು ಹೇಳಿದರು. ಆಗ ಅವರು ಒಬ್ಬರೇ ನಡೆಸುವ ಹಗುರ ದೋಣಿ ಕೊಂಡು ಒಬ್ಬರೇ ಹೋಗುವ ಯೋಚನೆ ಮಾಡಿದರು.

ಅಕ್ಕ ಒಪ್ಪಲಿಲ್ಲ. ರಾತ್ರಿ ಒಂಟಿಯಾಗಿ ಪ್ರಯಾಣಿಸುವುದರ ಬಗ್ಗೆ ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಸಹೀಹ್ ಬುಖಾರಿಯಲ್ಲಿದೆಯಲ್ಲ, ಅದನ್ನೇ ಮುಂದಿಟ್ಟಳು. "ಹಾಗಾದರೆ ನಾನು ಹೋಗುವುದೇ ಬೇಡವೇ?" ಎಂದರು ಭಾವ. "ಎರಡು ದೋಣಿ ತನ್ನಿ, ನಾನೂ ಬರುತ್ತೇನೆ" ಎಂದಳು ಅವಳು. ಆಗ ಅವಳಿಗೆ ಐವತ್ತು ವರ್ಷ. ಎತ್ತರ ಐದು ಅಡಿ ಒಂದು ಇಂಚು, ತೂಕ 55 ಕಿಲೋ.

ವಿದೇಶದಲ್ಲಿರುವ ನಮ್ಮ ಓದುಗರಲ್ಲಿ ಟೊರಾಂಟೋ, ಮಿನ್ನಿಯಾಪೊಲಿಸ್ ಕಡೆಯವರೂ ಇದ್ದೀರಿ. ಅಂಥದೇ ಯೋಚನೆ ನಿಮಗೂ ಇದ್ದರೆ ಅಕ್ಕ ಮಾಡಿದ ತಪ್ಪನ್ನು ನೀವು ಮಾಡುವುದು ಬೇಡ. ಅದಕ್ಕಾಗಿಯೇ ಈ ಬರಹ.

ಚಮ್ಮಾರನ ದೋಣಿ

ಹಗುರ ದೋಣಿ ಹೊಸ ಕಾಲದ ಶೋಕಿಯಲ್ಲ. ಆ ಸರೋವರಗಳ ಮೂಲ ನಿವಾಸಿಗಳಾದ ಅನಿಷಿನಾಬೆ ಜನರು ಬರ್ಚ್ ಮರದ ತೊಗಟೆಯಿಂದ ಕನೂ ಮಾಡುತ್ತಿದ್ದರು. ದೇವದಾರು ಜಾತಿಯ ಮರದ ಪಕ್ಕೆಲುಬು, ಬೇರಿನ ಹೊಲಿಗೆ, ಸಂದಿಗೆ ಮರದ ಅಂಟು. ಹೊಲಿಗೆಯ ಕೆಲಸ ಹೆಚ್ಚಾಗಿ ಹೆಂಗಸರದು. ಹೊತ್ತು ನಡೆಯಬೇಕಾದ ನಾಡಿನಲ್ಲಿ ದೋಣಿ ಹಗುರವಿರಲೇಬೇಕಿತ್ತು.

ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಬೆಟ್ಟಗಳಲ್ಲಿ 19ನೇ ಶತಮಾನದಲ್ಲಿ ಸಿರಿವಂತರು ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು ಸುತ್ತಾಡುತ್ತಿದ್ದರು. ಭಾರದ ದೋಣಿ ಹೊರುವುದು, ಹುಟ್ಟು ಹಾಕುವುದು ಎಲ್ಲ ಅವನೇ. ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬವರಿಗೆ ಅಷ್ಟು ಹಣವಿರಲಿಲ್ಲ. ಕಸುಬಿನಿಂದ ಚಮ್ಮಾರ, ಕುಳ್ಳು ದೇಹ, ತೂಕ 50 ಕಿಲೋ ಆಸುಪಾಸು, ಮೇಲಾಗಿ ಎದೆಯ ಕಾಯಿಲೆ. ಅವರು ಕ್ಯಾಂಟನ್ ಊರಿನ ದೋಣಿ ತಯಾರಕ ಹೆನ್ರಿ ರಷ್ಟನ್‌ರಿಗೆ ಹೇಳಿ ತಮ್ಮ ಮೈಗೆ ತಕ್ಕ ದೋಣಿಗಳನ್ನು ಮಾಡಿಸಿಕೊಂಡರು. 1883ರಲ್ಲಿ ಮಾಡಿಸಿದ ದೋಣಿ 9 ಅಡಿ ಉದ್ದವಿತ್ತು. ಭಾರ ಹತ್ತೂವರೆ ಪೌಂಡ್, ಅಂದರೆ ಐದು ಕಿಲೋಗೂ ಕಡಿಮೆ! ಅರವತ್ತು ದಾಟಿದ ಆ ರೋಗಿ ಅದರಲ್ಲಿ 266 ಮೈಲಿ ಸುತ್ತಿ ಬಂದರು. ದೋಣಿಗೆ ಅವರಿಟ್ಟ ಹೆಸರು ಸೇರಿ ಗ್ಯಾಂಪ್. ಇದು ಡಿಕನ್ಸ್‌ರ ಕಾದಂಬರಿಯ ಒಬ್ಬ ಕುಡುಕಿ ದಾದಿಯ ಹೆಸರು. ಅವಳು ನೀರು ಮುಟ್ಟುವವಳಲ್ಲ, ನನ್ನ ದೋಣಿಯೂ ನೀರು ಒಳಗೆ ಬಿಟ್ಟುಕೊಳ್ಳದಿರಲಿ ಎಂಬುದು ಅವರ ತಮಾಷೆ. ಹೆಸರು ನಮಗೆ ಹಿಡಿಸದಿರಬಹುದು, ಅವರ ಲೆಕ್ಕಾಚಾರ ಮಾತ್ರ ಹಿಡಿಸುತ್ತದೆ. ದೋಣಿ ಹೊರುವವನ ಮೈಗೆ ಹೊಂದಬೇಕು.

ಅಕ್ಕನ ತಪ್ಪು

ಅಕ್ಕ ಮೊದಲು ಕೊಂಡದ್ದು ಸೆಕೆಂಡ್ ಹ್ಯಾಂಡ್ ದೋಣಿ. ಹದಿನಾರೂವರೆ ಅಡಿ, ಹಗುರ, ಬೆಲೆಯೂ ಅಗ್ಗ. ಉದ್ದವಿದ್ದಷ್ಟು ವೇಗ ಎಂದು ಮಾರಿದವರು ಹೇಳಿದರು. ಮಾತು ಸುಳ್ಳಲ್ಲ. ಆದರೆ ಅದು ಆರಡಿಯ, 90 ಕಿಲೋ ತೂಕದ ಗಂಡಸನ್ನು ಮನಸ್ಸಿನಲ್ಲಿಟ್ಟು ಮಾಡಿದ ದೋಣಿ. ಅಕ್ಕ ಮತ್ತು ಅವಳ 15 ಕಿಲೋ ಚೀಲ ಸೇರಿ 70 ಕಿಲೋ ಆಯಿತು. ದೋಣಿ ನೀರಿನಲ್ಲಿ ಸರಿಯಾಗಿ ಕೂರಲಿಲ್ಲ, ಎತ್ತರದಲ್ಲಿ ತೇಲಿತು. ಮಧ್ಯಾಹ್ನ ಗಾಳಿ ಎದ್ದಾಗ ಒಣ ತರಗೆಲೆಯಂತೆ ತಿರುಗಿತು. ಎಷ್ಟು ಹುಟ್ಟು ಹಾಕಿದರೂ ಮೂತಿ ಬೇರೆ ಕಡೆಗೇ. ಭಾವ ತಿರುಗಿ ಬಂದು ಹಗ್ಗ ಕಟ್ಟಿ ಎಳೆಯಬೇಕಾಯಿತು. "ಸೊಂಟ ಉಳಿಸಲು ಹೋಗಿ ಹೆಂಡತಿಯನ್ನು ಎಳೆದೆ" ಎಂದು ಅವರು ಈಗಲೂ ಹೇಳುತ್ತಾರೆ. ಆ ಸಂಜೆ ಅಕ್ಕ ಅತ್ತಳಂತೆ.

ಆದ್ದರಿಂದ ಮೊದಲು ನಿಮ್ಮ ತೂಕ, ಚೀಲದ ತೂಕ ಕೂಡಿಸಿಕೊಳ್ಳಿ. ತಯಾರಕರು ಹೇಳುವ ಗರಿಷ್ಠ ಭಾರವನ್ನು ನೋಡಬೇಡಿ, ಅದು ಮುಳುಗದಿರುವ ಲೆಕ್ಕ ಅಷ್ಟೇ. ಎಷ್ಟು ಭಾರಕ್ಕೆ ದೋಣಿ ಚೆನ್ನಾಗಿ ಓಡುತ್ತದೆ ಎಂದು ಕೇಳಿ. ಸಣ್ಣ ಮೈಯವರಿಗೆ 13-14 ಅಡಿ ಸಾಕು, ದೊಡ್ಡವರಿಗೆ 15-16. ಅಗಲ 27ರಿಂದ 30 ಇಂಚು. ಇದಕ್ಕಿಂತ ಅಗಲವಾದರೆ ಕೈ ಚಿಕ್ಕವರಿಗೆ ಹುಟ್ಟು ನೀರಿಗೆ ಎಟುಕಿಸುವುದೇ ಕಷ್ಟ.

ಅಡಿಭಾಗವನ್ನು ಪಕ್ಕದಿಂದ ನೋಡಿ. ಬಾಳೆಹಣ್ಣಿನಂತೆ ಬಾಗಿದ್ದರೆ ಬೇಗ ತಿರುಗುತ್ತದೆ, ಹರಿವ ಹೊಳೆಗೆ ಅದು ಸರಿ. ಸರೋವರಕ್ಕೆ ಸ್ವಲ್ಪವೇ ಬಾಗಿದ್ದು ಸಾಕು, ನೇರ ಸಾಗುತ್ತದೆ. ತಳ ಚಪ್ಪಟೆಯಾಗಿದ್ದರೆ ಅಂಗಡಿಯ ಕೊಳದಲ್ಲಿ ಬಹಳ ಭದ್ರವೆನಿಸುತ್ತದೆ. ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ಪಕ್ಕದಿಂದ ಅಲೆ ಬಂದಾಗ ಚಪ್ಪಟೆ ತಳ ಅಲೆಯೊಂದಿಗೇ ವಾಲುತ್ತದೆ, ಒಂದು ಹಂತ ದಾಟಿದರೆ ಥಟ್ಟನೆ ಮಗುಚುತ್ತದೆ. ತುಸು ಕಮಾನಿನ ತಳ ಮೊದಲಿಗೆ ಅಲುಗಾಡಿದರೂ ವಾಲಿದಾಗ ಗಟ್ಟಿಯಾಗಿ ನಿಲ್ಲುತ್ತದೆ. ಹತ್ತು ನಿಮಿಷದ ಹೆದರಿಕೆಗೆ ಒಳ್ಳೆಯ ದೋಣಿಯನ್ನು ಬೇಡವೆನ್ನಬೇಡಿ.

ಕೂರುವ ಬಗೆ ಎರಡು. ಸೀಟಿನ ಅಂಚಿಗೆ ಒರಗಿ ಮಂಡಿಯೂರುವುದು ಒಂದು. ನಮಾಝಿನ ಅಭ್ಯಾಸವಿರುವ ಅಕ್ಕನಿಗೆ ಇದು ಸಲೀಸಾಯಿತು, ಅಲ್ಲಿನ ಗೆಳತಿಯರಿಗೆ ಆಶ್ಚರ್ಯ. ಮಂಡಿನೋವಿನವರಿಗೆ ತಳಮಟ್ಟದ ಸೀಟಿನಲ್ಲಿ ಕಾಲು ಚಾಚಿ, ಎರಡೂ ತುದಿಯಲ್ಲಿ ಅಲಗಿರುವ ಹುಟ್ಟು ಹಿಡಿಯುವ ಪುಟ್ಟ ಪ್ಯಾಕ್ ಕನೂ ಒಳ್ಳೆಯದು. ಸಿಯರ್ಸ್‌ರ ದೋಣಿಯ ವಂಶದ್ದು. ಕೆಲವು ಹತ್ತು ಕಿಲೋಗೂ ಕಡಿಮೆ. ಆದರೆ ಚೀಲಕ್ಕೆ ಜಾಗ ಕಡಿಮೆ, ಗಾಳಿಯಲ್ಲಿ ಹುಟ್ಟಿನಿಂದ ತೊಡೆಯ ಮೇಲೆ ನೀರು ತೊಟ್ಟಿಕ್ಕುತ್ತದೆ.

ಕೆವ್ಲಾರ್ ಎಂಬ ಬಟ್ಟೆ

ಇಂದಿನ ಹಗುರ ದೋಣಿಗಳು ಹೆಚ್ಚಾಗಿ ಕೆವ್ಲಾರ್‌ನವು. ಈ ನಾರನ್ನು 1965ರಲ್ಲಿ ಕಂಡುಹಿಡಿದವರು ಡ್ಯುಪಾಂಟ್ ಕಂಪೆನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್ ಎಂಬ ಮಹಿಳೆ. ಗುಂಡು ತಡೆಯುವ ಅಂಗಿಯಲ್ಲಿರುವುದೂ ಇದೇ. ಒಬ್ಬರ ಕೆವ್ಲಾರ್ ಕನೂ 12ರಿಂದ 17 ಕಿಲೋ ಇರುತ್ತದೆ, ಖಾಲಿ ಸಿಲಿಂಡರಿನಷ್ಟು. ಕಾರ್ಬನ್ ಇನ್ನೂ ಹಗುರ, ಬೆಲೆ ಇನ್ನೂ ಭಾರ. ಕಲ್ಲಿಗೆ ಬಡಿದರೂ ಬಾಗಿ ಸುಧಾರಿಸಿಕೊಳ್ಳುತ್ತಿದ್ದ ರಾಯಲೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯ ತಯಾರಿ 2014ರ ಹೊತ್ತಿಗೆ ನಿಂತುಹೋಯಿತು. ಹಳೆಯದು ಸಿಕ್ಕಿದರೂ ಅದು ಕೆವ್ಲಾರ್‌ನಷ್ಟು ಹಗುರವಲ್ಲ.

ಗುಂಡು ತಡೆಯುತ್ತದೆಂದು ಕಲ್ಲಿನ ಮೇಲೆ ಎಳೆಯಬೇಡಿ. ನಾರು ಗಟ್ಟಿ, ಅದರ ಮೇಲಿನ ಅಂಟಿನ ಪದರ ತೆಳು. ದಡ ಸೇರುವ ಮೊದಲೇ ಮೊಣಕಾಲಿನಷ್ಟು ನೀರಿಗಿಳಿದು ದೋಣಿ ಎತ್ತಿಕೊಳ್ಳಬೇಕು. ಪಾದ ಒದ್ದೆ ಮಾಡಿಕೊಳ್ಳಲು ಇಷ್ಟವಿಲ್ಲದವರು ಕೆವ್ಲಾರ್ ಕೊಳ್ಳಬಾರದು. ಬಿಸಿಲೂ ಅದಕ್ಕೆ ಶತ್ರು, ನೆರಳಿನಲ್ಲಿ ಬೋರಲಾಗಿಡಿ. ಹಳೆಯದನ್ನು ಕೊಳ್ಳುವಾಗ ತಳವನ್ನು ಅಂಗೈಯಿಂದ ಒತ್ತಿ ನೋಡಿ. ಎಲ್ಲಾದರೂ ಮೆತ್ತಗೆನಿಸಿದರೆ ಬಿಟ್ಟುಬಿಡಿ.

ಹೊಸ ದೋಣಿಗೆ ಮೂರು ಸಾವಿರ ಡಾಲರ್ ಆಸುಪಾಸು, ಕೆಲವಕ್ಕೆ ಅದಕ್ಕೂ ಹೆಚ್ಚು. ವರ್ಷಕ್ಕೆ ನಾಲ್ಕು ದಿನ ಹೋಗುವವರಿಗೆ ಇದು ನನ್ನ ಪ್ರಕಾರ ದುಂದುವೆಚ್ಚವೇ. ಈಲಿಯಂಥ ಊರುಗಳಲ್ಲಿ ದಿನಬಾಡಿಗೆಗೆ ಸಿಗುತ್ತವೆ. ಎರಡು-ಮೂರು ಬಗೆ ಬಾಡಿಗೆಗೆ ಪಡೆದು, ಚೀಲ ತುಂಬಿಸಿ, ಗಾಳಿಯಿರುವ ದಿನವೇ ನಡೆಸಿ ನೋಡಿ. ಅಕ್ಕ ಎರಡನೇ ಬಾರಿ ಹಾಗೆಯೇ ಮಾಡಿದಳು. ಹೊರುವ ನೊಗವನ್ನೂ ಹೆಗಲಿಗಿಟ್ಟು ನೋಡಿ. ಒಬ್ಬರ ದೋಣಿಯಲ್ಲಿ ನಟ್ಟನಡುವೆ ಸೀಟು ಇರುವುದರಿಂದ ನೊಗ ಕಳಚಿ ಹಾಕುವಂಥದ್ದು. ಅದರ ಮೆತ್ತೆಗಳ ಅಂತರ ಹೆಂಗಸರ ಹೆಗಲಿಗೆ ಹೊಂದದಿದ್ದರೆ ಕತ್ತು ನೋಯುತ್ತದೆ.

ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ಮೇ ತಿಂಗಳಿನಲ್ಲಿ ಹಿಮ ಕರಗಿದ ನೀರು ಎಷ್ಟು ತಣ್ಣಗೆಂದರೆ ಬಿದ್ದ ಕ್ಷಣ ಉಸಿರು ಸಿಕ್ಕಿಕೊಳ್ಳುತ್ತದೆ, ಈಜು ಬಲ್ಲವರಿಗೂ. ಎರಡು ದೋಣಿಗಳು ಕೂಗಿದರೆ ಕೇಳುವಷ್ಟು ಹತ್ತಿರವಿರಲಿ. ಬೌಂಡರಿ ವಾಟರ್ಸ್‌ನೊಳಗೆ ಬಿಸಾಡುವ ಡಬ್ಬಿ, ಗಾಜಿನ ಬಾಟಲಿ ಒಯ್ಯುವಂತಿಲ್ಲ. ಅಕ್ಕ ಅವಲಕ್ಕಿ, ಬೇಳೆ, ಒಣ ಮೀನು ಕಟ್ಟಿಕೊಳ್ಳುತ್ತಾಳೆ. ದಿಕ್ಸೂಚಿ ಹೇಗೂ ಜೊತೆಗಿರುತ್ತದೆ. ಅಲ್ಲಿಂದ ಖಿಬ್ಲಾ ನಮ್ಮಂತೆ ಪಶ್ಚಿಮಕ್ಕಲ್ಲ, ಈಶಾನ್ಯಕ್ಕೆ.

ಈಗ ಅವಳ ದೋಣಿ 14 ಅಡಿಯದು, 13 ಕಿಲೋ. ಭಾವನದು ಹದಿನಾರು ಅಡಿ. ಬೆಳಿಗ್ಗೆ ಫಜ್ರ್ ಮುಗಿಸಿ ಗಾಳಿ ಏಳುವ ಮೊದಲೇ ಹೊರಡುತ್ತಾರೆ. ನೀರಿನ ಮೇಲೆ ಭಾವ ಮುಂದಾಗಿ ಹೋಗಿ ತಿರುವಿನಲ್ಲಿ ಕಾಯುತ್ತಾರೆ. ಪೋರ್ಟೇಜಿನಲ್ಲಿ ಅಕ್ಕ ಮೊದಲು ತಲುಪಿ, ದೋಣಿ ಇಳಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಅವರನ್ನು ಕಾಯುತ್ತಾಳೆ.