ಹಳೆಯ ಗೇಮಿಗೆ ಹೊಸ ಬಣ್ಣ

ಪ್ರಶ್ನೆ: ಹಳೆಯ ವಿಡಿಯೋ ಗೇಮ್‌ಗಳನ್ನು ಹೊಸದಾಗಿ ಮಾಡಿ ಬಿಡುತ್ತಾರಲ್ಲ, ಅವು ಮೊದಲಿನಷ್ಟು ಚೆನ್ನಾಗಿರುತ್ತವೆಯೇ?

ಉತ್ತರ: ಕೆಲವು ಮಾತ್ರ. 1998ರ ‘ರೆಸಿಡೆಂಟ್ ಈವಿಲ್ 2’ ಅನ್ನು ಕ್ಯಾಪ್‌ಕಾಮ್ 2019ರಲ್ಲಿ ಬುಡದಿಂದಲೇ ಕಟ್ಟಿತು. ಅಲುಗಾಡದ ಕ್ಯಾಮೆರಾ ಹೋಗಿ ನಾಯಕನ ಬೆನ್ನ ಹಿಂದಿನ ನೋಟ ಬಂತು. ಭಯ ಮಾತ್ರ ಉಳಿಯಿತು: ಗೋಡೆಯಾಚೆ ಬೆನ್ನಟ್ಟಿ ಬರುವ ದೈತ್ಯ ಮಿಸ್ಟರ್ ಎಕ್ಸ್‌ನ ಬೂಟಿನ ಸದ್ದು ಕೇಳಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಇನ್ನು ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ಕಥೆ ಕೇಳಿ. 2004ರ ಆಟದಲ್ಲಿ ದೂರದ್ದೆಲ್ಲ ಮಬ್ಬಿನಲ್ಲಿ ಮುಚ್ಚಿರುತ್ತಿತ್ತು. ಅದು ಯಂತ್ರದ ಬಡತನ, ನಿಜ. ಆದರೆ ಅದರಿಂದಲೇ ನಾಡು ವಿಶಾಲವಾಗಿ ಕಾಣುತ್ತಿತ್ತು. 2021ರ ಹೊಸ ಆವೃತ್ತಿಯಲ್ಲಿ ಮಬ್ಬು ತೆಗೆದರು ನೋಡಿ, ಬೆಟ್ಟ ಹತ್ತಿದರೆ ಊರಿಗೆ ಊರೇ ಅಂಗೈಯಗಲ! ‘ಟಫ್ ನಟ್’ ಡೋನಟ್ ಅಂಗಡಿಯ ಮೇಲೆ ಹೆಸರಿನ ಶ್ಲೇಷೆಯಾಗಿ ಇದ್ದ, ಬೋಲ್ಟಿಗೆ ಹಾಕುವಂಥ ಆರು ಮೂಲೆಯ ನಟ್‌ನ ಅಂಚುಗಳೂ ಸವೆದು ಗುಂಡಗಾದವು. ತಮಾಷೆ ಅರ್ಥವಾಗದವರು ತಿದ್ದಿದರೆ ಹೀಗೇ. ಕೊನೆಗೆ ಆಟದ ಕಂಪನಿ ರಾಕ್‌ಸ್ಟಾರ್ ಕ್ಷಮೆ ಕೇಳಿತು. 2024ರ ಅಪ್‌ಡೇಟ್‌ನಲ್ಲಿ ಹಳೆಯ ಬೆಳಕಿನ ಛಾಯೆ ಮರಳಿತು.

ರೆಸಿಡೆಂಟ್ ಈವಿಲ್ ಹೊಸದನ್ನೇ ಆಡಿ. ಸ್ಯಾನ್ ಆಂಡ್ರಿಯಾಸ್‌ನ ಹಳೆಯ ಡಿಸ್ಕ್ ಇದ್ದರೆ ಯಾರಿಗೂ ಕೊಡಬೇಡಿ.