ಗುಂಡಿಗಿಳಿದ ಚಕ್ರದ ಲೆಕ್ಕ

ಮಳೆಗಾಲದ ಮಲೆನಾಡು. ಮಣ್ಣುರಸ್ತೆಯ ಗುಂಡಿಯೊಂದಕ್ಕೆ ಕಾರಿನ ಮುಂದಿನ ಚಕ್ರ ಇಳಿದಿದೆ. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಅರಚುತ್ತದೆ, ಕೆಸರು ಹಾರುತ್ತದೆ, ಚಕ್ರ ಇನ್ನಷ್ಟು ಹೂತುಕೊಳ್ಳುತ್ತದೆ. ಅಷ್ಟರಲ್ಲಿ ಪಕ್ಕದ ತೋಟದವರು ಬಂದು, "ರೈಸ್ ಮಾಡ್ಬೇಡಿ, ಸ್ವಲ್ಪ ತಡೀರಿ" ಎಂದು ನಾಲ್ಕು ಸೋಗೆ, ಎರಡು ಕಲ್ಲು ತರುತ್ತಾರೆ. ಅವರು ಹೇಳಿದ್ದೂ ಸರಿ, ತಂದದ್ದೂ ಸರಿ.

ಜಾರದೆ ಉರುಳುವ ಟೈರಿನಲ್ಲಿ ನೆಲ ಮುಟ್ಟಿದ ಭಾಗ ಆ ಕ್ಷಣಕ್ಕೆ ನಿಶ್ಚಲವಾಗಿರುತ್ತದೆ. ಅಲ್ಲಿ ಸಿಗುವ ಹಿಡಿತ ಜಾರುವ ಟೈರಿಗೆ ಸಿಗದು. ಚಕ್ರ ಗಿರ್ರನೆ ಸುತ್ತಿದರೆ ಟೈರಿನ ಗೀರುಗಳಲ್ಲಿ ಕೆಸರು ತುಂಬಿ ಉಳಿದ ಹಿಡಿತವೂ ಹೋಗುತ್ತದೆ. ಸೋಗೆ, ಗೋಣಿಚೀಲ, ಜಲ್ಲಿ ಮರಳಿ ಕೊಡುವುದು ಈ ಹಿಡಿತವನ್ನೇ.

ಇನ್ನೊಂದು ಬದಿಯ ಚಕ್ರ ಗಟ್ಟಿ ನೆಲದ ಮೇಲಿದ್ದೂ ಏಕೆ ಸುಮ್ಮನಿರುತ್ತದೆ? ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಓಡಬೇಕು. ಅದಕ್ಕೆಂದು ಎರಡರ ನಡುವೆ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ ಇದೆ. ಸಾಮಾನ್ಯ ಕಾರುಗಳಲ್ಲಿ ಅದು ಎರಡೂ ಚಕ್ರಗಳಿಗೆ ತಿರುಗಿಸುವ ಬಲವನ್ನು ಸಮನಾಗಿ ಹಂಚುತ್ತದೆ. ಕೆಸರಿನ ಚಕ್ರ ಅಲ್ಪ ಬಲಕ್ಕೇ ಜಾರುವುದರಿಂದ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಪಾಲು.

ಇನ್ನು ಕಲ್ಲಿನ ಮಹಿಮೆ. ಚಕ್ರದ ತ್ರಿಜ್ಯ 30 ಸೆಂಟಿಮೀಟರ್, ಅದರ ಮೇಲಿನ ಭಾರ 250 ಕಿಲೋ ಎಂದುಕೊಳ್ಳಿ. ಗುಂಡಿಯ ಅಂಚು 10 ಸೆಂಟಿಮೀಟರ್ ಎತ್ತರಕ್ಕೆ ಕಡಿದಾಗಿದ್ದರೆ, ಚಕ್ರವನ್ನು ನೂಕಿ ಮೇಲೇರಿಸಲು ಸುಮಾರು 280 ಕಿಲೋ ಭಾರದಷ್ಟು ಬಲ ಬೇಕು. ಚಕ್ರದ ಮೇಲಿನ ಭಾರಕ್ಕಿಂತಲೂ ಇದು ಹೆಚ್ಚು! ನಡುವೆ 5 ಸೆಂಟಿಮೀಟರ್ ಕಲ್ಲಿಟ್ಟು ಒಂದು ಮೆಟ್ಟಿಲನ್ನು ಎರಡು ಮಾಡಿದರೆ, ಪ್ರತಿ ಮೆಟ್ಟಿಲಿಗೆ ಸುಮಾರು 165 ಕಿಲೋ ಸಾಕು. ಏರುವ ಎತ್ತರ ಮಾತ್ರ ಅಷ್ಟೇ. ಅಂಚನ್ನು ಗುದ್ದಲಿಯಿಂದ ಕೆತ್ತಿ ಇಳಿಜಾರು ಮಾಡಿದರೆ ಇನ್ನೂ ಸುಲಭ. ಆದರೆ ಕಡಿದಾದ ಅಂಚು ಚಕ್ರದ ಅಚ್ಚಿನ ಎತ್ತರಕ್ಕೆ ಬಂದರೆ, ಊರೇ ಸೇರಿ ನೂಕಿದರೂ ಚಕ್ರ ಹತ್ತದು.

ಕಲ್ಲು ಸಿಗದಿದ್ದರೆ ಉಯ್ಯಾಲೆಯ ಉಪಾಯ. ಗುಂಡಿಯೊಳಗಿನ ಚಕ್ರ ಬಟ್ಟಲಿನಲ್ಲಿಟ್ಟ ಗೋಲಿಯಂತೆ ಹಿಂದೆ ಮುಂದೆ ತೂಗಬಲ್ಲದು. ಕಾರು ಹಿಂದಕ್ಕೆ ಹೋಗಿ ಮರಳುವ ಹೊತ್ತಿಗೇ ಮೆಲ್ಲಗೆ ನೂಕಬೇಕು. ಮಗುವಿನ ಉಯ್ಯಾಲೆಯಂತೆ ಪ್ರತಿ ಬಾರಿಯೂ ತೂಗು ಸ್ವಲ್ಪ ಹೆಚ್ಚುತ್ತದೆ, ಕೊನೆಗೊಮ್ಮೆ ಅಂಚು ದಾಟುತ್ತದೆ. ನೂಕುವವರು ಸುತ್ತುವ ಚಕ್ರದ ನೇರಕ್ಕೆ ನಿಲ್ಲಬಾರದು. ಚಕ್ರದಡಿಯ ಕಲ್ಲು ಸಿಡಿದು ಬರಬಹುದು.

ಕಾರು ಮೇಲೆ ಬಂದ ಬಳಿಕ ಆ ಕಲ್ಲುಗಳನ್ನು ಗುಂಡಿಯೊಳಗೇ ಭದ್ರವಾಗಿ ಕೂರಿಸಿ. ಹಿಂದೆ ಬರುವವರಿಗೂ ಮೆಟ್ಟಿಲು ತಗ್ಗಲಿ.